ಹಾಲುಹಲ್ಲಿನ ಹುಳುಕೂ ಮಗುವಿನ ಪೋಷಣೆಯೂ

ಹಳೆಯ ಹಳ್ಳಿಯ ಸುತ್ತ ಬಡಾವಣೆಗಳೂ ಬಾಡಿಗೆ ವಠಾರಗಳೂ ಒತ್ತೊತ್ತಾಗಿ ಬೆಳೆದಿರುವ ಬೆಂಗಳೂರಿನ ಬೇಗೂರಿನಂಥ ಕಡೆ, ಸಮೀಪದ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ತಾಯಂದಿರು ಬೆಳಗ್ಗೆಯೇ ಹೊರಡುವ ಮನೆಗಳಲ್ಲಿ, ಮಗುವಿನ ಹಸಿವಿಗೆ ಸುಲಭವಾಗಿ ಒದಗುವುದು ಚಹಾದಲ್ಲಿ ಅದ್ದಿದ ಬಿಸ್ಕತ್ತು. ಹೊಟ್ಟೆ ತುಂಬಿಸಿದಂತೆ ಕಾಣುವ ಈ ತಿನಿಸು ಪೋಷಣೆಗೂ ಹಲ್ಲಿಗೂ ಒಟ್ಟಿಗೇ ಎರವಾಗುತ್ತದೆ.

ಹಲ್ಲಿನ ಮೇಲಿನ ಅಂಟುಪದರದಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆಮ್ಲೀಯತೆಯ ಅಳತೆಯಾದ ಪಿಎಚ್ ಸುಮಾರು 5.5ಕ್ಕಿಂತ ಇಳಿದಾಗ, ಹಲ್ಲಿನ ಹೊರಕವಚವಾದ ಎನಾಮೆಲ್‌ನ ಖನಿಜಾಂಶ ಕರಗತೊಡಗುತ್ತದೆ. ಜೊಲ್ಲು ಈ ನಷ್ಟವನ್ನು ತಕ್ಕಮಟ್ಟಿಗೆ ತುಂಬಬಲ್ಲದಾದರೂ, ಪದೇ ಪದೇ ಸಿಹಿ ತಿನ್ನುವ ಬಾಯಲ್ಲಿ ಅದಕ್ಕೆ ಬಿಡುವೇ ಸಿಗದು.

ಆದರೆ ಸಕ್ಕರೆಯೊಂದನ್ನೇ ದೂರುವುದು ಅರ್ಧ ಸತ್ಯ. ಹಾಲುಹಲ್ಲಿನ ಎನಾಮೆಲ್ ಗರ್ಭದಲ್ಲೇ ರೂಪುಗೊಳ್ಳತೊಡಗಿ ಮಗುವಿಗೆ ಸುಮಾರು ಒಂದು ವರ್ಷ ತುಂಬುವ ವೇಳೆಗೆ ಪೂರ್ಣಗೊಳ್ಳುವುದರಿಂದ, ಆ ಅವಧಿಯಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆಯಾದರೆ ಕವಚ ತೆಳುವಾಗಿ, ಕುಳಿಬಿದ್ದು, ಬೇಗ ಹುಳುಕಿಗೆ ತುತ್ತಾಗಬಹುದು; ದೀರ್ಘಕಾಲದ ಅಪೌಷ್ಟಿಕತೆಯಿಂದ ಜೊಲ್ಲೂ ಕಡಿಮೆಯಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲವೆಂಬುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಸಂಬಂಧ ತಿರುಗುಮುರುಗಾಗಿಯೂ ಸಾಗುತ್ತದೆ: ನೋವಿನಿಂದ ಅಗಿಯಲಾರದ, ನಿದ್ದೆಗೆಟ್ಟ ಮಗು ಉಣ್ಣುವುದನ್ನು ಕಡಿಮೆ ಮಾಡಿ ತೂಕದಲ್ಲಿ ಹಿಂದೆ ಬೀಳುತ್ತದೆ. ಅತ್ತ ಸಕ್ಕರೆಯಿಂದಲೇ ಕೊಬ್ಬಿದ ಅನುಕೂಲಸ್ಥರ ಮಕ್ಕಳೂ ಹುಳುಕಿಗೆ ಹೊರತಲ್ಲ.

2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಅಂಗನವಾಡಿಗಳಲ್ಲಿ ದೊರೆಯುವ ಹಾಲು ಮತ್ತು ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ರಾಗಿ ಇಲ್ಲಿ ಕೈಗೆಟುಕುವ ಆಸರೆಗಳು. ಹಾಲುಹಲ್ಲು ಹೇಗೂ ಉದುರುತ್ತದಲ್ಲ ಎಂಬ ಸಮಾಧಾನವಂತೂ ಸಲ್ಲದು. ಹಿಂದಿನ ದವಡೆಹಲ್ಲುಗಳು ಹತ್ತು–ಹನ್ನೆರಡು ವರ್ಷದವರೆಗೂ ಅಗಿಯಬೇಕಾದವು.