ನಿಮಗಿದು ಗೊತ್ತೆ? ವಕೀಲರಿಗೇ ಅನುಮತಿ ಬೇಕು!

ಪೀಣ್ಯದ ಕಾರ್ಖಾನೆಯೊಂದು ಕಾರ್ಮಿಕನನ್ನು ಕೆಲಸದಿಂದ ತೆಗೆದು, ವಿವಾದ ಕೈಗಾರಿಕಾ ನ್ಯಾಯಮಂಡಳಿಯ ಮೆಟ್ಟಿಲೇರಿತು ಅನ್ನಿ. ಅಲ್ಲಿ ಆತ ತಾನೇ ವಾದಿಸಬಹುದು. ಇಲ್ಲವೇ ಯೂನಿಯನ್ ಪದಾಧಿಕಾರಿಯನ್ನು ಮುಂದೆ ನಿಲ್ಲಿಸಬಹುದು. ಆದರೆ ವಕೀಲರು ಹಾಜರಾಗಲು ಎದುರಾಳಿಯ ಒಪ್ಪಿಗೆ, ಮಂಡಳಿಯ ಅನುಮತಿ ಎರಡೂ ಬೇಕು. ದುಡ್ಡಿರುವ ಕಡೆಗೆ ತಕ್ಕಡಿ ವಾಲಬಾರದು ಎಂಬುದೇ ಇದರ ಉದ್ದೇಶ.

● 1947ರ ಕೈಗಾರಿಕಾ ವಿವಾದ ಕಾಯ್ದೆಯ 36ನೇ ಸೆಕ್ಷನ್‌ನಲ್ಲಿದ್ದ ಈ ನಿಯಮವನ್ನು 1976ರ ಪಾರಾದೀಪ್ ಬಂದರು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ವಕೀಲರೇ ಸಂಘದ ಪದಾಧಿಕಾರಿಯಾಗಿದ್ದರೆ ತಡೆಯಿಲ್ಲ ಎಂದೂ ಹೇಳಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ನಿಯಮವನ್ನು ಉಳಿಸಿಕೊಂಡಿದೆ.

● ಸಿವಿಲ್ ಕೋರ್ಟಿನಲ್ಲೂ ನಿಮ್ಮ ಕೇಸನ್ನು ನೀವೇ ನಡೆಸಬಹುದು. ಆಗ ವಕಾಲತ್ತು ಬೇಕಿಲ್ಲ. ಪ್ರಕರಣಗಳ ಪಟ್ಟಿಯಲ್ಲಿ ವಕೀಲರ ಹೆಸರಿರಬೇಕಾದ ಕಡೆ ‘ಪಾರ್ಟಿ ಇನ್ ಪರ್ಸನ್’ ಎಂದಿರುತ್ತದೆ.

● ವಕೀಲರಿಲ್ಲದೆ ನೀವೇ ವಾದಿಸಬಹುದಾದ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವವರು ಮಾರಾಟಗಾರ ದೆಹಲಿಯಲ್ಲಿದ್ದರೂ ಬೆಂಗಳೂರಿನಲ್ಲೇ ದೂರು ಸಲ್ಲಿಸಬಹುದು.

● ವಾದಿಸಲು ಧೈರ್ಯ ಸಾಲದೆ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ: 15100.