ಧ್ವನಿಕಡತದ ಪುಷ್ಪಿಕೆ: ಜನಪದ ಹಾಡುಗಳ ಮೆಟಾಡೇಟಾ

ಓಲೆಗರಿ ಗ್ರಂಥಗಳ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಊರು, ಪ್ರತಿ ಮುಗಿಸಿದ ತಿಥಿಗಳನ್ನು ಬರೆಯುವುದುಂಟು. ಈ ಪುಷ್ಪಿಕೆಯು ಗ್ರಂಥಸಂಪಾದನೆಗೆ ಮುಖ್ಯ ಆಕರ. ಎಂಪಿ3 ಧ್ವನಿಕಡತದಲ್ಲಿಯೂ ಇಂತಹ ಭಾಗವೊಂದಿದೆ. 1996ರಲ್ಲಿ ರೂಪುಗೊಂಡ ಐಡಿ3 ಪದ್ಧತಿಯು ಶೀರ್ಷಿಕೆ, ಗಾಯಕ, ವರ್ಷ, ಟಿಪ್ಪಣಿ ಮೊದಲಾದ ವಿವರಗಳನ್ನು ಕಡತದ ಕೊನೆಯ 128 ಬೈಟ್‌ಗಳಲ್ಲಿ ಇರಿಸುತ್ತದೆ. ಇದೇ ಮೆಟಾಡೇಟಾ. ಪೈಥಾನ್ ಭಾಷೆಯ ಮ್ಯುಟಾಜೆನ್‌ನಂತಹ ಪ್ರೋಗ್ರಾಮ್ ಲೈಬ್ರರಿಗಳು ಹಾಡನ್ನು ನುಡಿಸದೆಯೇ ಸಾವಿರಾರು ಕಡತಗಳಿಂದ ಈ ವಿವರಗಳನ್ನು ಓದಿ ಸೂಚಿ ಸಿದ್ಧಪಡಿಸಬಲ್ಲವು.

ಕನ್ನಡದ ಮಟ್ಟಿಗೆ ಇಲ್ಲಿ ತೊಡಕೊಂದಿದೆ. ಮೂಲ ಪದ್ಧತಿಯಲ್ಲಿ ಶೀರ್ಷಿಕೆ, ಟಿಪ್ಪಣಿಗಳಿಗೆ ತಲಾ 30 ಬೈಟ್‌ಗಳಷ್ಟೇ ಸ್ಥಳ. ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಮೂಲಾಕ್ಷರ, ಸ್ವರಚಿಹ್ನೆಗಳಿಗೆ ತಲಾ 3 ಬೈಟ್ ಬೇಕು. ‘ಬಾಗಲವಾಡ, ರಾಯಚೂರು’ ಎಂಬುದಕ್ಕೆ 44 ಬೈಟ್ ಬೇಕಾಗುವುದರಿಂದ ‘ಬಾಗಲವಾಡ, ರಾ’ ಎಂಬಲ್ಲಿಗೆ ಜಿಲ್ಲೆಯ ಹೆಸರು ತುಂಡಾಗುತ್ತದೆ. ಈ ಮಿತಿಯಿಲ್ಲದ, ಯುಟಿಎಫ್-8ಕ್ಕೆ ಅವಕಾಶವಿರುವ 2.4ನೆಯ ಆವೃತ್ತಿ 2000ದಲ್ಲಿ ಬಂದಿತು. ಕನ್ನಡ ಸಂಗ್ರಹಗಳಿಗೆ ಇದೇ ತಕ್ಕುದು.

ಇನ್ನೊಂದು ತೊಡಕು ಕಾಲನಿರ್ಣಯದ್ದು. ರಾಯಚೂರು ಸೀಮೆಯ ತತ್ವಪದ, ಮೊಹರಂ ಪದಗಳ ಹಳೆಯ ಕ್ಯಾಸೆಟ್ಟನ್ನು ಗಣಕಕ್ಕೆ ಏರಿಸಿದಾಗ ಕಡತವು ತೋರಿಸುವುದು ಏರಿಸಿದ ದಿನಾಂಕವನ್ನೇ ಹೊರತು ಹಾಡಿದ ದಿನವನ್ನಲ್ಲ. ಪ್ರತಿಯ ಕಾಲವನ್ನು ಕೃತಿಯ ಕಾಲವೆಂದು ಭಾವಿಸುವಂತಹ ದೋಷವಿದು. ಲೈಬ್ರರಿಯು ಬರೆದುದನ್ನಷ್ಟೇ ಓದುತ್ತದೆ. ಹಾಡಿದವರ ಹೆಸರನ್ನು ಊಹಿಸಲಾರದು. ಆದ್ದರಿಂದ ಗಾಯಕರ ಹೆಸರು, ಊರು, ಹಾಡಿದ ದಿನ, ಡಿಜಿಟಲೀಕರಿಸಿದ ದಿನ ಇವನ್ನು ಸಂಗ್ರಾಹಕರು ಬೇರೆ ಬೇರೆಯಾಗಿ ದಾಖಲಿಸಬೇಕು. ಇಲ್ಲವಾದರೆ ದನಿ ಉಳಿದರೂ ಹಾಡಿದವರು ಅನಾಮಧೇಯರಾಗಿಬಿಡುತ್ತಾರೆ.