ಮಾಗಿಯ ಚಳಿಯಲ್ಲಿ ಎರೆಹುಳು ತೊಟ್ಟಿ

ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಎರೆಗೊಬ್ಬರ ಮಾಡುವವರಿಂದ ಒಂದು ದೂರು ಕೇಳಿಬರುತ್ತದೆ: "ಹುಳುಗಳು ತಿನ್ನುತ್ತಿಲ್ಲ, ಹಾಕಿದ ಕಸ ಹಾಗೆಯೇ ಇದೆ." ಮಳೆಗಾಲವಿಡೀ ಚೆನ್ನಾಗಿ ನಡೆದ ತೊಟ್ಟಿಯನ್ನು ಈ ಹಂತದಲ್ಲಿ ಕೈಬಿಡುವವರೂ ಉಂಟು. ಕಾರಣ ತಿಳಿದರೆ ಹಾಗೆ ಮಾಡಬೇಕಾಗಿಲ್ಲ.

ಎರೆಹುಳು ಶೀತರಕ್ತ ಪ್ರಾಣಿ. ಸುತ್ತಲಿನ ಉಷ್ಣಾಂಶ ಇಳಿದಂತೆ ಅದರ ದೇಹವೂ ತಣ್ಣಗಾಗುತ್ತದೆ. ತಿನ್ನುವುದು, ಚಲಿಸುವುದು, ಮೊಟ್ಟೆ ಇಡುವುದು ಎಲ್ಲವೂ ನಿಧಾನವಾಗುತ್ತವೆ. ಹೊಲದ ಮಣ್ಣಿನಲ್ಲಿರುವ ಹಲವು ಜಾತಿಯ ಹುಳುಗಳು ಚಳಿ ಅಥವಾ ಒಣಹವೆ ಬಂದಾಗ ಆಳಕ್ಕೆ ಇಳಿಯುತ್ತವೆ. ಎರೆಹುಳುಗಳನ್ನು ಕುರಿತು 1881ರಲ್ಲಿ ಗ್ರಂಥ ಪ್ರಕಟಿಸಿದ ಚಾರ್ಲ್ಸ್ ಡಾರ್ವಿನ್ ಕೂಡ ಇದನ್ನು ಗುರುತಿಸಿದ್ದರು. ಆದರೆ ಗೊಬ್ಬರಕ್ಕೆ ಬಳಸುವ ಹುಳುಗಳು ಬೇರೆ ಗುಂಪಿನವು. ಅವು ತರಗೆಲೆ, ಸಗಣಿಗಳ ಮೇಲ್ಪದರದಲ್ಲಿ ವಾಸಿಸುತ್ತವೆ. ಆಳವಾದ ಬಿಲ ತೋಡುವುದಿಲ್ಲ. ಜೊತೆಗೆ ತೊಟ್ಟಿಯ ತಳ ಸಾಮಾನ್ಯವಾಗಿ ಕಲ್ಲು ಅಥವಾ ಸಿಮೆಂಟಿನದು. ಆದ್ದರಿಂದ ಹೊಲದ ಹುಳುವಿಗೆ ಭೂಮಿ ಕೊಡುವ ಆಶ್ರಯವನ್ನು ಇವಕ್ಕೆ ನಾವೇ ಒದಗಿಸಬೇಕು.

ನಮ್ಮಲ್ಲಿ ಎರಡು ಜಾತಿಗಳು ಹೆಚ್ಚು ಬಳಕೆಯಲ್ಲಿವೆ. ಆಫ್ರಿಕ ಮೂಲದ ಯೂಡ್ರಿಲಸ್ ಯೂಜೀನಿಯೇ ಹುಳುವಿಗೆ 25 ಡಿಗ್ರಿ ಸೆಲ್ಷಿಯಸ್ ಆಸುಪಾಸು ಹಿತ. 10 ಡಿಗ್ರಿಗಿಂತ ಕೆಳಗೆ ಅದು ಹೆಚ್ಚು ಕಾಲ ಬದುಕದು. ಯೂರೋಪಿನ ಐಸೀನಿಯಾ ಫೆಟಿಡಾ 15ರಿಂದ 25 ಡಿಗ್ರಿಯಲ್ಲಿ ಚುರುಕಾಗಿರುತ್ತದೆ. ಅದಕ್ಕಿಂತ ಹೆಚ್ಚಿನ ಚಳಿಯನ್ನೂ ತಡೆಯುತ್ತದೆ.

ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದು 1884ರ ಜನವರಿ 13ರಂದು. ಅಂಥ ರಾತ್ರಿಗಳು ಅಪರೂಪ. ಹಿಮ ಬೀಳುವ ದೇಶಗಳಲ್ಲಿ ತೊಟ್ಟಿಯೇ ಹೆಪ್ಪುಗಟ್ಟುವ ಭಯ. ನಮ್ಮ ಬಯಲುಸೀಮೆಯಲ್ಲಿ ಚಳಿಗಿಂತ ದೊಡ್ಡ ಶತ್ರು ಒಣಗಾಳಿ. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಅದು ಒದ್ದೆಯಾದ ಚರ್ಮದ ಮೂಲಕ ಉಸಿರಾಡುತ್ತದೆ. ಚರ್ಮ ಒಣಗಿದರೆ ಆಮ್ಲಜನಕ ಒಳಸೇರದೆ ಸಾಯುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು ಹೊದಿಕೆ. ತೊಟ್ಟಿಯಲ್ಲಿ ಒಂದು ಅಡಿಯಷ್ಟಾದರೂ ಗೊಬ್ಬರವಿರಲಿ. ತೆಳುವಾದ ಪದರ ಬೇಗ ತಣ್ಣಗಾಗುತ್ತದೆ. ಅದರ ಮೇಲೆ ಒಣಹುಲ್ಲು ಅಥವಾ ತೆಂಗಿನ ಗರಿ, ಅದರ ಮೇಲೆ ಗೋಣಿತಾಟು ಹೊದಿಸಿ. ಇವುಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ.

ಎರಡನೆಯದು ನೀರು. ಬಿಸಿಲೇರಿದ ಮೇಲೆ ಹದವಾಗಿ ಚಿಮುಕಿಸಿ, ಸಂಜೆ ಬೇಡ. ನೀರು ಆವಿಯಾಗುವಾಗ ಶಾಖವನ್ನು ಹೀರುವುದರಿಂದ ರಾತ್ರಿಯ ಚಳಿ ಇನ್ನೂ ಹೆಚ್ಚುತ್ತದೆ. ಒಂದು ಹಿಡಿ ಗೊಬ್ಬರವನ್ನು ಬಿಗಿಯಾಗಿ ಹಿಂಡಿದರೆ ಒಂದೆರಡು ಹನಿ ಒಸರಬೇಕು. ಧಾರೆಯಾಗಿ ಸುರಿದರೆ ನೀರು ಹೆಚ್ಚಾಯಿತು, ಉದುರಿಹೋದರೆ ಸಾಲದಾಯಿತು.

ಮೂರನೆಯದು ಆಹಾರ. ಹುಳು ನಿಧಾನವಾಗಿರುವಾಗ ಎಂದಿನಷ್ಟೇ ಕಸ ತುಂಬಿದರೆ ಅದು ಹುಳಿತು ನಾರುತ್ತದೆ. ಹಿಂದಿನದು ಕರಗಿದ ಮೇಲಷ್ಟೇ ಮುಂದಿನದನ್ನು ಹಾಕಿ. ಬೆಚ್ಚಗಿರಲೆಂದು ಹಸಿ ಸಗಣಿಯನ್ನು ರಾಶಿ ಹಾಕುವುದೂ ಅಪಾಯ. ಸೂಕ್ಷ್ಮಜೀವಿಗಳು ಅದನ್ನು ಕೊಳೆಸುವಾಗ ಹುಟ್ಟುವ ಶಾಖ 35 ಡಿಗ್ರಿ ದಾಟಿದರೆ ಹುಳುಗಳೇ ಸಾಯಬಹುದು. ಕೆಲವು ದಿನ ಹಳಸಿದ ಸಗಣಿಯನ್ನು ತೊಟ್ಟಿಯ ಒಂದು ಬದಿಗೆ ಮಾತ್ರ ಹಾಕಿ. ಬೆಚ್ಚಗಿನ ಕಡೆಗೆ ಹೋಗುವುದೋ ದೂರ ಸರಿಯುವುದೋ, ಹುಳುವೇ ನಿರ್ಧರಿಸಲಿ.

ಇಷ್ಟಾದರೂ ಹುಳುಗಳು ವಿರಳವಾಗಿ ಕಂಡರೆ ತೊಟ್ಟಿಯನ್ನು ಬರಿದು ಮಾಡಬೇಡಿ. ಗೊಬ್ಬರವನ್ನು ಬಿಳಿಯ ಕಾಗದದ ಮೇಲೆ ಹರಡಿ ನೋಡಿ. ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ, ಹಳದಿ ಅಥವಾ ಕಂದು ಬಣ್ಣದ ಕೋಶಗಳು ಸಿಗಬಹುದು. ಅವುಗಳಲ್ಲಿ ಮರಿಗಳು ಬೆಳೆಯುತ್ತಿರುತ್ತವೆ. ಚಳಿಯಲ್ಲಿ ಅವು ಹೊರಬರುವುದು ತಡವಾಗುತ್ತದೆ, ಅಷ್ಟೆ.

ನಿಮ್ಮ ಶಾಲೆಯಲ್ಲಿ ತೊಟ್ಟಿ ಇದ್ದರೆ ಒಂದು ವಾರ ಈ ಪ್ರಯೋಗ ಮಾಡಿ. ಬೆಳಿಗ್ಗೆ 7 ಗಂಟೆಗೆ ಮತ್ತು ಮಧ್ಯಾಹ್ನ 2 ಗಂಟೆಗೆ ಹೊರಗಿನ ಗಾಳಿಯ ಉಷ್ಣಾಂಶವನ್ನೂ ಗೊಬ್ಬರದೊಳಗೆ ಅರ್ಧ ಅಡಿ ಆಳದ ಉಷ್ಣಾಂಶವನ್ನೂ ಬರೆದಿಟ್ಟುಕೊಳ್ಳಿ. ಎರಡನ್ನೂ ನಕ್ಷೆಯಲ್ಲಿ ಗುರುತಿಸಿದರೆ, ಗಾಳಿಯ ರೇಖೆಗಿಂತ ಗೊಬ್ಬರದ ರೇಖೆ ಎಷ್ಟು ಕಡಿಮೆ ಏರಿಳಿಯುತ್ತದೆ ಎಂಬುದು ಕಾಣುತ್ತದೆ. ನಿಮ್ಮ ಹೊದಿಕೆ ಎಷ್ಟು ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಅಳತೆ.